ಸಾದಾ, 95, 100: ಪುಣೆಯಲ್ಲಿ ಟರ್ಬೊ ಕಾರಿಗೆ ಯಾವ ಪೆಟ್ರೋಲು ಹಾಕಿಸಬೇಕು?

ಪುಣೆಯ ಯಾವ ಬಂಕಿನಲ್ಲಿ ಕಾರು ನಿಲ್ಲಿಸಿದರೂ ಪೈಪು ಹಿಡಿದ ಹುಡುಗ ಮೊದಲು ಕೇಳುವುದು "ಸಾಧಂ ಟಾಕೂ ಕೀ ಪಾವರ್?" (ಸಾದಾ ಹಾಕಲೋ, ಪವರ್ ಹಾಕಲೋ?) ಎಂದು. ಕಚೇರಿಗೆ ಹೋಗಿಬರುವ ಸಾಮಾನ್ಯ ಕಾರಿನವರು ಇದಕ್ಕೆ ಯೋಚಿಸದೆ ಉತ್ತರ ಕೊಡಬಹುದು. ಆದರೆ ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಇಂಜಿನ್ನಿನ ಚುರುಕಾದ ಕಾರನ್ನು ಹಣ ಕೂಡಿಸಿ ಕೊಂಡವರಿಗೆ ಆ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿರುತ್ತವೆ: ಈ ಪೆಟ್ರೋಲಿನ ಆಕ್ಟೇನ್ ಎಷ್ಟು, ಇದರಲ್ಲಿ ಎಥೆನಾಲ್ (ಮದ್ಯಸಾರ) ಎಷ್ಟಿದೆ, ಇಂಜಿನ್ನಿನ ಒಳಭಾಗವನ್ನು ಶುಚಿಯಾಗಿಡುವ ರಾಸಾಯನಿಕವನ್ನು ಇದಕ್ಕೆ ಬೆರೆಸಿದ್ದಾರೆಯೇ. ಮೂರೂ ಬೇರೆ ಬೇರೆ ಗುಣಗಳು. ಬಂಕಿನಲ್ಲಿ ಮಾತ್ರ ಮೂರನ್ನೂ 'ಪವರ್' ಎಂಬ ಒಂದೇ ಮಾತಿನಿಂದ ಕರೆಯುತ್ತಾರೆ.

ಧಾರವಾಡದ ಕಡೆಯವನಾದ ನಾನು ಹಲವು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಹಬ್ಬ, ಮದುವೆ, ತಂದೆತಾಯಿಯರ ಆರೋಗ್ಯ ಎಂದು ವರ್ಷಕ್ಕೆ ಏಳೆಂಟು ಬಾರಿಯಾದರೂ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ಮೇಲೆ ಹಾದು ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಊರಿಗೆ ಕಾರಿನಲ್ಲೇ ಹೋಗಿಬರುತ್ತೇನೆ. ಚಾಕಣ, ಪಿಂಪ್ರಿ, ಹಿಂಜವಡಿಗಳಲ್ಲಿ ಕೆಲಸ ಮಾಡುವ ಅನೇಕ ಕನ್ನಡಿಗರ ಓಡಾಟವೂ ಹೀಗೆಯೇ ಇದೆ: ವಾರವೆಲ್ಲ ನಗರದ ದಟ್ಟಣೆ, ತಿಂಗಳಿಗೊಮ್ಮೆ ಹೆದ್ದಾರಿ. ಆದ್ದರಿಂದ ಪೆಟ್ರೋಲಿನ ಆಯ್ಕೆಯನ್ನು ಬಾಣೇರಿನ ಅಥವಾ ಕೊಥರೂಡಿನ ಒಳ್ಳೆಯ ಬಂಕನ್ನು ನೋಡಿ ನಿರ್ಧರಿಸದೆ, ನೀವು ಹಾದುಹೋಗುವ ದಾರಿಯಲ್ಲಿ ಅನಿವಾರ್ಯವಾಗಿ ನಿಲ್ಲಬೇಕಾಗಬಹುದಾದ ಅತಿ ಸಾಧಾರಣ ಬಂಕನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಆಕ್ಟೇನ್ ಎಂಬ ಅಂಕಿ ಏನನ್ನು ಹೇಳುತ್ತದೆ

ಪೆಟ್ರೋಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಅದುಮುತ್ತದೆ. ಸರಿಯಾದ ಕ್ಷಣದಲ್ಲಿ ಪ್ಲಗ್ ಕಿಡಿ ಹೊತ್ತಿಸಿದಾಗ ಜ್ವಾಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಹರಡಬೇಕು. ಜ್ವಾಲೆ ಹರಡುವಾಗ ಅದರ ಮುಂದೆ ಇನ್ನೂ ಉರಿಯದೆ ಉಳಿದಿರುವ ಮಿಶ್ರಣ ಮತ್ತಷ್ಟು ಅದುಮಲ್ಪಟ್ಟು ಕಾಯುತ್ತದೆ. ಆ ಬಿಸಿಯನ್ನು ತಾಳಲಾರದ ಇಂಧನವು ಜ್ವಾಲೆ ತನ್ನನ್ನು ತಲುಪುವ ಮೊದಲೇ ತಾನಾಗಿ ಒಮ್ಮೆಲೆ ಹೊತ್ತಿಕೊಳ್ಳುತ್ತದೆ. ಆಗ ಏಳುವ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗೆ ಬಡಿಯುವ ಸದ್ದನ್ನೇ ನಾಕಿಂಗ್ ಎನ್ನುತ್ತಾರೆ. ಇಂಧನವು ಹೀಗೆ ತಾನಾಗಿ ಹೊತ್ತಿಕೊಳ್ಳದೆ ಎಷ್ಟರ ಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಅಂಕಿ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ರೂಪಿಸಿದ ಈ ಮಾಪನದಲ್ಲಿ ಬೇಗ ನಾಕ್ ಆಗುವ ಹೆಪ್ಟೇನಿಗೆ ಸೊನ್ನೆಯನ್ನೂ, ಚೆನ್ನಾಗಿ ತಾಳಿಕೊಳ್ಳುವ ಐಸೊ ಆಕ್ಟೇನಿಗೆ 100 ಅನ್ನೂ ಕೊಟ್ಟಿದ್ದಾರೆ. 95ರ ಪೆಟ್ರೋಲು ಎಂದರೆ, ಪ್ರಯೋಗದ ಇಂಜಿನ್ನಿನಲ್ಲಿ 95 ಪಾಲು ಐಸೊ ಆಕ್ಟೇನ್ ಮತ್ತು 5 ಪಾಲು ಹೆಪ್ಟೇನಿನ ಮಿಶ್ರಣದಷ್ಟೇ ತಾಳಿಕೆಯನ್ನು ತೋರುವ ಪೆಟ್ರೋಲು.

ಇಲ್ಲಿ ಶಕ್ತಿಯ ಮಾತೇ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಆಕ್ಟೇನ್ ಹೆಚ್ಚಿದ ಮಾತ್ರಕ್ಕೆ ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಹೆಚ್ಚುವುದಿಲ್ಲ. ಹೆಚ್ಚು ತಾಳುವ ಇಂಧನವಿದ್ದರೆ ಇಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಯು, ಕಿಡಿಯನ್ನು ಸ್ವಲ್ಪ ಮುಂಚೆ ಹೊತ್ತಿಸಬಹುದು ಮತ್ತು ಟರ್ಬೊದ ಒತ್ತಡವನ್ನು ಪೂರ್ತಿ ಬಳಸಬಹುದು. ಶಕ್ತಿ ಹೆಚ್ಚುವುದು ಆ ಹೊಂದಾಣಿಕೆಯಿಂದ. ಹಾಗೆ ಹೊಂದಿಸಿಕೊಳ್ಳುವ ಅವಕಾಶವನ್ನು ಇಸಿಯುವಿನ ಲೆಕ್ಕಾಚಾರದಲ್ಲಿ ತಯಾರಕರು ಇಟ್ಟಿರದಿದ್ದರೆ, 100ರ ಪೆಟ್ರೋಲು ಹಾಕಿದರೂ ಕಾರಿನಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಮ್ಮ ದೇಶದಲ್ಲಿ ಬಂಕಿನ ಮೇಲೆ ಬರೆಯುವ ಅಂಕಿ ಆರ್‌ಒಎನ್, ಅಂದರೆ ಇಂಜಿನ್ ನಿಧಾನ ತಿರುಗುವ, ಸೌಮ್ಯವಾದ ಪರೀಕ್ಷೆಯಲ್ಲಿ ಬಂದ ಅಂಕಿ. ಹೆಚ್ಚು ವೇಗ, ಹೆಚ್ಚು ಬಿಸಿಯ ಪರೀಕ್ಷೆಯಲ್ಲಿ ಬರುವುದು ಎಂಒಎನ್, ಅದು ಯಾವಾಗಲೂ ಕೆಳಗಿರುತ್ತದೆ. ಅಮೆರಿಕದವರು ಈ ಎರಡರ ಸರಾಸರಿಯನ್ನು ಬಂಕಿನ ಮೇಲೆ ಬರೆಯುತ್ತಾರೆ. ಹಾಗಾಗಿ ಅಲ್ಲಿಯ 91 ನಮ್ಮ 95 ಅಥವಾ 96ಕ್ಕೆ ಸಮ, ಅಲ್ಲಿಯ 93 ನಮ್ಮ 98ರ ಆಸುಪಾಸಿನದು. ಅಮೆರಿಕದವರು ಬರೆದದ್ದನ್ನು ಓದಿ "ನನ್ನ ಕಾರಿಗೆ 91 ಸಾಕಂತೆ" ಎಂದು ತೀರ್ಮಾನಿಸಿದ ಗೆಳೆಯರನ್ನು ನಾನು ಕಂಡಿದ್ದೇನೆ.

ಮುಚ್ಚಳದ ಒಳಗಿನ ಚೀಟಿ

ಮೊದಲು ನೋಡಬೇಕಾದದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಮೈಗೆ ಅಂಟಿಸಿದ ಚೀಟಿ ಮತ್ತು ಕಾರಿನೊಂದಿಗೆ ಬಂದ ಕೈಪಿಡಿ. ಜರ್ಮನ್ ಕಾರುಗಳಲ್ಲಿ ಅಂಕಿಯ ಪಕ್ಕದಲ್ಲಿ ಆರ್‌ಒಜೆಡ್ ಎಂದು ಇರುವುದುಂಟು. ಅದು ಆರ್‌ಒಎನ್‌ನ ಜರ್ಮನ್ ರೂಪವೇ ಹೊರತು ಬೇರೆ ಅಳತೆಯಲ್ಲ. ಚೀಟಿಯಲ್ಲಿ ಎರಡು ಅಂಕಿಗಳಿದ್ದರೆ ದೊಡ್ಡದು ಶಿಫಾರಸು, ಚಿಕ್ಕದು ಕನಿಷ್ಠ. ಕನಿಷ್ಠದ ಪೆಟ್ರೋಲಿನಲ್ಲಿ ಕಾರು ಕೆಡದೆ ಓಡುತ್ತದೆ, ಆದರೆ ಕಂಪನಿ ಹೇಳಿದ ಪೂರ್ಣ ಶಕ್ತಿ ಬರುವುದು ಶಿಫಾರಸಿನ ಪೆಟ್ರೋಲಿನಲ್ಲಿ.

ಕಂಪ್ರೆಷನ್ ಅನುಪಾತವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದನ್ನು ನೋಡಿ ಆಕ್ಟೇನನ್ನು ಊಹಿಸುವ ಹಳೆಯ ರೂಢಿಯನ್ನು ಈಗ ಬಿಡಬೇಕು. ಮಾರುತಿಯ 1.2 ಲೀಟರಿನ ಡ್ಯುಯಲ್‌ಜೆಟ್ ಇಂಜಿನ್ನಿನ ಅನುಪಾತ 12ಕ್ಕೆ 1, ಆದರೂ ಅದು ದೇಶದ ಯಾವ ಹಳ್ಳಿಯ ಸಾದಾ ಪೆಟ್ರೋಲಿನಲ್ಲಿಯೂ ನೆಮ್ಮದಿಯಾಗಿ ಓಡುವಂತೆ ರೂಪುಗೊಂಡಿದೆ. ಮರ್ಸಿಡಿಸ್ ಎಎಂಜಿಯ ಎ 45 ಎಸ್ ಕಾರಿನ 2 ಲೀಟರ್ ಇಂಜಿನ್ನಿನ ಅನುಪಾತ ಕೇವಲ 9ಕ್ಕೆ 1. ಆದರೆ ಟರ್ಬೊ ಅದಕ್ಕೆ ಸುಮಾರು 2.1 ಬಾರ್ ಒತ್ತಡದಲ್ಲಿ ಗಾಳಿಯನ್ನು ತುಂಬಿ 421 ಪಿಎಸ್ ಶಕ್ತಿಯನ್ನು ಹೊರಡಿಸುತ್ತದೆ, ಹಾಗಾಗಿ ಅದು ಉತ್ತಮ ಪೆಟ್ರೋಲನ್ನೇ ಬೇಡುತ್ತದೆ. ಗಾಳಿ ಎಷ್ಟು ಒತ್ತಡದಲ್ಲಿ, ಎಷ್ಟು ಬಿಸಿಯಾಗಿ ಸಿಲಿಂಡರನ್ನು ಹೊಗುತ್ತದೆ ಎಂಬುದು ಅನುಪಾತದಷ್ಟೇ ಮುಖ್ಯ. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಇಂಜಿನ್ನುಗಳಲ್ಲಿ ಪೆಟ್ರೋಲು ಆವಿಯಾಗುವಾಗ ಒಳಗಿನ ಗಾಳಿಯನ್ನು ತಣಿಸುವುದರಿಂದ ಅವು ಇನ್ನಷ್ಟು ತಾಳುತ್ತವೆ.

ಈಗ ಬಂಕಿನಲ್ಲಿ ಸಿಗುವುದೇನು

2020ರ ಏಪ್ರಿಲ್ 1ರಂದು ವಾಹನಗಳ ಹೊಗೆಯನ್ನು ನಿಯಂತ್ರಿಸುವ ಬಿಎಸ್-6 ನಿಯಮ ದೇಶದಾದ್ಯಂತ ಜಾರಿಯಾದಾಗ ಪೆಟ್ರೋಲಿನಲ್ಲಿರುವ ಗಂಧಕದ ಮಿತಿ (ಹತ್ತು ಲಕ್ಷ ಪಾಲಿಗೆ ಎಷ್ಟು ಎಂಬ ಲೆಕ್ಕದಲ್ಲಿ) 50 ಪಿಪಿಎಮ್‌ನಿಂದ 10ಕ್ಕೆ ಇಳಿಯಿತು. ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91, ಪ್ರೀಮಿಯಂ ಪೆಟ್ರೋಲಿನದು 95 ಎಂಬ ಲೆಕ್ಕ ಆಗ ನಮ್ಮೆಲ್ಲರಿಗೂ ಬಾಯಿಪಾಠವಾಗಿತ್ತು. ಚುರುಕಾದ ಕಾರು ಇದ್ದವರು ಕಣ್ಣುಮುಚ್ಚಿ 95 ಹಾಕಿಸುತ್ತಿದ್ದರು, ಮತ್ತು ಅದು ಸರಿಯೂ ಆಗಿತ್ತು.

ಆ ಲೆಕ್ಕವನ್ನು ಎಥೆನಾಲ್ ಬದಲಾಯಿಸಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮಾವೇಶದಲ್ಲಿ ಇ20, ಅಂದರೆ ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು ಬಿಡುಗಡೆಯಾಯಿತು. ಸುಮಾರು ಎರಡು ವರ್ಷಗಳಲ್ಲಿ ಅದೇ ದೇಶದ ಸಾದಾ ಪೆಟ್ರೋಲಾಯಿತು. ಎಥೆನಾಲಿನ ಆಕ್ಟೇನ್ ಸುಮಾರು 108. ಆದ್ದರಿಂದ ಅದನ್ನು ಬೆರೆಸಿದಾಗ ಮಿಶ್ರಣದ ಆಕ್ಟೇನ್ ಏರುತ್ತದೆ. ಸಾದಾ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ವಿವರಣೆ ನೀಡಿತು. ಹಾಗಿದ್ದರೆ ಲೀಟರಿಗೆ ಸುಮಾರು ಏಳೆಂಟು ರೂಪಾಯಿ ಹೆಚ್ಚು ಕೊಟ್ಟು 95ರ ಪ್ರೀಮಿಯಂ ಹಾಕಿಸುವುದರಿಂದ ಏನು ಲಾಭ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನನ್ನ ಉತ್ತರ ಹೀಗಿದೆ. ಕೈಪಿಡಿಯಲ್ಲಿ 91 ಸಾಕು ಎಂದಿರುವ, ಇ20ಕ್ಕೆ ಒಪ್ಪಿಗೆಯಿರುವ ಹೊಸ ಟರ್ಬೊ ಕಾರಿಗೆ, ಅಂದರೆ ಇಲ್ಲಿಯೇ ಚಾಕಣದಲ್ಲಿ ತಯಾರಾಗುವ ಒಂದು ಲೀಟರಿನ ಟರ್ಬೊ ಸೆಡಾನುಗಳಂಥ ಕಾರುಗಳಿಗೆ, ಸಾದಾ ಪೆಟ್ರೋಲೇ ಸಾಕು. ಆಕ್ಟೇನಿನ ಕಾರಣಕ್ಕೆ ಪ್ರೀಮಿಯಂ ಹಾಕಿಸಬೇಕಾಗಿಲ್ಲ. ಕೈಪಿಡಿಯಲ್ಲಿ 95 ಶಿಫಾರಸು ಇರುವ ಕಾರಿಗೆ ಮಾತ್ರ ನಾನು ಇಂದಿಗೂ 95 ಎಂದು ಹೆಸರು ಬರೆದ ಪೆಟ್ರೋಲನ್ನೇ ಹಾಕಿಸುತ್ತೇನೆ. ಒಂದು ಕಾರಣ, ಬಂಕಿನವರು ತಮ್ಮ ಫಲಕದ ಮೇಲೆಯೇ 95 ಎಂದು ಬರೆದು ಮಾರುವ ಪೆಟ್ರೋಲಿಗೆ ನಾನು ರಸೀದಿ ಹಿಡಿದು ಕೇಳಬಹುದಾದ ಹೊಣೆಯಿದೆ. ಇನ್ನೊಂದು ಕಾರಣ, ಅದರಲ್ಲಿ ಶುಚಿಕಾರಕ ರಾಸಾಯನಿಕಗಳು ಸಾಮಾನ್ಯವಾಗಿ ಸೇರಿರುತ್ತವೆ, ಮತ್ತು ನೇರ ಸಿಂಪಡಣೆಯ ಇಂಜೆಕ್ಟರುಗಳ ಸೂಕ್ಷ್ಮ ರಂಧ್ರಗಳಿಗೆ ಅವು ಒಳ್ಳೆಯದು. ಆದರೆ ಶುಚಿಕಾರಕವಿದೆ ಎಂಬುದರಿಂದ ಆಕ್ಟೇನ್ ಹೆಚ್ಚಿದೆ ಎಂದು ಭಾವಿಸಬಾರದು. ಆಕರ್ಷಕ ಹೆಸರಿನ ಪೆಟ್ರೋಲುಗಳಲ್ಲಿ ಕೆಲವು ಸಾದಾ ಪೆಟ್ರೋಲಿಗೇ ಶುಚಿಕಾರಕ ಬೆರೆಸಿದವು. ಪೈಪಿನ ಮೇಲೆ ಅಂಕಿ ಬರೆದಿಲ್ಲವಾದರೆ ಆಕ್ಟೇನನ್ನು ಊಹಿಸದೆ ಕೇಳಿ ತಿಳಿಯಬೇಕು.

95ರ ಪ್ರೀಮಿಯಂ ಹಾಕಿಸಿದರೆ ಎಥೆನಾಲ್ ತಪ್ಪುತ್ತದೆ ಎಂಬ ನಂಬಿಕೆಯೂ ಸರಿಯಲ್ಲ, ಅದಕ್ಕೂ ಎಥೆನಾಲ್ ಬೆರೆಸುತ್ತಾರೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಲೀಟರಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ, ಎಥೆನಾಲಿಲ್ಲದ ಪೆಟ್ರೋಲಿಗೆ ರೂಪಿಸಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ರಿಂದ ಮೈಲೇಜು ಶೇಕಡ 6ರಿಂದ 7ರಷ್ಟು ಕುಸಿಯಬಹುದು ಎಂದು ಅಂದಾಜಿಸಿತ್ತು. ಅಂದರೆ ಇ20 ನಾಕಿಂಗ್ ತಡೆಯುವುದರಲ್ಲಿ ಹಳೆಯ ಸಾದಾ ಪೆಟ್ರೋಲಿಗಿಂತ ಉತ್ತಮ, ಮೈಲೇಜಿನಲ್ಲಿ ಅದಕ್ಕಿಂತ ಹಿಂದೆ. ಈ ಎರಡು ಮಾತುಗಳೂ ಒಟ್ಟಿಗೆ ನಿಜ. ಒಂದನ್ನು ಮಾತ್ರ ಹಿಡಿದುಕೊಂಡು ವಾದಿಸುವುದರಿಂದಲೇ ಜಗಳಗಳು ಹುಟ್ಟುತ್ತಿವೆ.

ಇನ್ನು 100. ಆ ಪೆಟ್ರೋಲು ಬರುವುದಕ್ಕೂ ಮೊದಲು, 2017ರಲ್ಲಿ, ಹಿಂದೂಸ್ತಾನ್ ಪೆಟ್ರೋಲಿಯಂನವರು 'ಪವರ್ 99' ಎಂಬ ಪೆಟ್ರೋಲನ್ನು ಬೆಂಗಳೂರಿನಲ್ಲಿ ತಂದಿದ್ದರು. 2020ರ ಡಿಸೆಂಬರ್ 1ರಂದು ಇಂಡಿಯನ್ ಆಯಿಲ್ ಸಂಸ್ಥೆ 'ಎಕ್ಸ್‌ಪಿ 100' ಅನ್ನು ಮೊದಲ ಹಂತದಲ್ಲಿ ಹತ್ತು ನಗರಗಳಲ್ಲಿ ಬಿಡುಗಡೆ ಮಾಡಿತು. ಮುಂಬಯಿ ಮತ್ತು ಪುಣೆ ಆ ಪಟ್ಟಿಯಲ್ಲಿದ್ದವು. ಮಥುರಾ ಶುದ್ಧೀಕರಣ ಘಟಕದಲ್ಲಿ, ಸಂಸ್ಥೆಯವರೇ ಅಭಿವೃದ್ಧಿಪಡಿಸಿದ 'ಆಕ್ಟಾಮ್ಯಾಕ್ಸ್' ವಿಧಾನದಿಂದ ಅದನ್ನು ತಯಾರಿಸುತ್ತಾರೆ. ದೆಹಲಿಯಲ್ಲಿ ಸಾದಾ ಪೆಟ್ರೋಲು 82 ರೂಪಾಯಿಯ ಆಸುಪಾಸಿನಲ್ಲಿದ್ದ ಆ ದಿನ ಇದರ ಬೆಲೆ ಲೀಟರಿಗೆ 160 ರೂಪಾಯಿ. ಇಷ್ಟೊಂದು ಬೆಲೆ ಕೊಟ್ಟು ಇದನ್ನು ಯಾರು ಹಾಕಿಸಬೇಕು? ನಾನು ಮೂರು ಬಗೆಯ ಜನರಿಗೆ ಮಾತ್ರ ಇದನ್ನು ಸೂಚಿಸುತ್ತೇನೆ. ಕೈಪಿಡಿಯಲ್ಲಿಯೇ 98 ಕೇಳುವ ಕಾರಿನವರು ಮೊದಲನೆಯವರು. 100ರ ಪೆಟ್ರೋಲಿಗೆಂದೇ ಇಸಿಯುವನ್ನು ರೀಮ್ಯಾಪ್ ಮಾಡಿಸಿಕೊಂಡವರು, ಅಂದರೆ ಅದರ ಲೆಕ್ಕಾಚಾರದ ಕೋಷ್ಟಕವಾದ ಮ್ಯಾಪನ್ನು ಬದಲಾಯಿಸಿಕೊಂಡವರು, ಎರಡನೆಯವರು. ಎಥೆನಾಲನ್ನು ತಾಳದ ರಬ್ಬರು ಕೊಳವೆ, ಸೀಲುಗಳಿರುವ ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಮೂರನೆಯವರು. ಇವರಿಗೆ ಬೇಕಾದದ್ದು ಆಕ್ಟೇನ್ ಅಲ್ಲ, 100ರ ಪೆಟ್ರೋಲು ಎಥೆನಾಲ್ ರಹಿತವೆಂದು ಪಡೆದಿರುವ ಹೆಸರು.

ಹೆಸರನ್ನೇ ನಂಬಿ ಕೂರಬೇಕಾಗಿಲ್ಲ, ಎಥೆನಾಲ್ ಇದೆಯೇ ಎಂಬುದನ್ನು ನೀವೇ ನೋಡಬಹುದು. ನೂರು ಮಿಲಿಲೀಟರಿನ ಗಾಜಿನ ಅಳತೆ ಕೊಳವೆಗೆ 10 ಮಿಲಿಲೀಟರ್ ನೀರು ಮತ್ತು 90 ಮಿಲಿಲೀಟರ್ ಪೆಟ್ರೋಲು ಹಾಕಿ, ಬಾಯಿ ಮುಚ್ಚಿ ಅಲುಗಾಡಿಸಿ ಕೆಲವು ನಿಮಿಷ ಬಿಡಬೇಕು. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರುವುದರಿಂದ, ಅದು ಇದ್ದರೆ ತಳದ ಪದರ 10ರ ಗೆರೆಯನ್ನು ದಾಟಿ ಮೇಲೇರುತ್ತದೆ. ಇ20 ಆಗಿದ್ದರೆ 20ರ ಗೆರೆಯನ್ನೂ ದಾಟುತ್ತದೆ. ಎಥೆನಾಲ್ ಇಲ್ಲದಿದ್ದರೆ ಪದರ ಇದ್ದಲ್ಲಿಯೇ ಇರುತ್ತದೆ. ಇದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು, ಮತ್ತು ಆ ಪೆಟ್ರೋಲನ್ನು ಮರಳಿ ಟ್ಯಾಂಕಿಗೆ ಹಾಕಬಾರದು. ಬಂಕಿನಲ್ಲಿಯೇ ಸಾಂದ್ರತೆಯ ಪರೀಕ್ಷೆಯನ್ನೂ, ಐದು ಲೀಟರಿನ ಅಳತೆಯನ್ನೂ ಕೇಳುವ ಹಕ್ಕು ಗ್ರಾಹಕರಿಗಿದೆ. ಕೇಳಲು ಸಂಕೋಚಪಡಬಾರದು.

ಘಾಟಿಯ ಏರು ಮತ್ತು ರೀಮ್ಯಾಪ್

ಒಂದೇ ಕಾರು, ಒಂದೇ ಪೆಟ್ರೋಲು, ಆದರೆ ಇಂಜಿನ್ನಿಗೆ ಬೇಕಾಗುವ ತಾಳಿಕೆ ಊರಿಂದ ಊರಿಗೆ ಬದಲಾಗುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಮುಂಬಯಿಯದಕ್ಕಿಂತ ಸ್ವಲ್ಪ ತೆಳು. ಟರ್ಬೊ ಇಲ್ಲದ ಇಂಜಿನ್ನಿಗೆ ಎತ್ತರದಲ್ಲಿ ನಾಕಿಂಗ್ ಕಡಿಮೆಯಾಗುತ್ತದೆ. ಟರ್ಬೊ ಇರುವ ಇಂಜಿನ್ನಿಗೆ ಈ ವಿನಾಯಿತಿ ಬಹುಮಟ್ಟಿಗೆ ಸಿಗುವುದಿಲ್ಲ, ಏಕೆಂದರೆ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ತುಂಬಿಕೊಳ್ಳುತ್ತದೆ, ಮತ್ತು ಹಾಗೆ ತಿರುಗುವಾಗ ಗಾಳಿಯನ್ನು ಮತ್ತಷ್ಟು ಕಾಯಿಸುತ್ತದೆ. ಮುಂಬಯಿ ಮತ್ತು ಗೋವಾದ ತೇವಭರಿತ ಗಾಳಿ ನಾಕಿಂಗನ್ನು ತುಸು ತಗ್ಗಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿಯನ್ನು ಮುಟ್ಟುವ ಪುಣೆಯ ಒಣಬಿಸಿಲು ಅದನ್ನು ಹೆಚ್ಚಿಸುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಖಂಡಾಳಾದ ಬೋರ್ ಘಾಟಿಯಂಥ ಏರಿನಲ್ಲಿ, ತುಂಬಿದ ಕಾರಿನಲ್ಲಿ, ಲಾರಿಯ ಹಿಂದೆ ನಿಧಾನವಾಗಿ ಹೋಗುತ್ತಿದ್ದು, ದಾರಿ ತೆರವಾದೊಡನೆ ಗೇರು ಇಳಿಸದೆ ಆಕ್ಸಿಲರೇಟರ್ ಪೂರ್ತಿ ಒತ್ತುವುದು. ಇಂಜಿನ್ ಕೂಡ ಆಗ ಕಾದಿರುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಟರ್ಬೊ ಕಾರಿನ ಇಸಿಯುವನ್ನು ಹೆಚ್ಚಿನ ಆಕ್ಟೇನಿನ ಪೆಟ್ರೋಲಿಗೆ ಹೊಂದುವಂತೆ ರೀಮ್ಯಾಪ್ ಮಾಡಿಸಿದ್ದೆ. ಪುಣೆಯಲ್ಲಿ ಮೂರು ತಿಂಗಳು ಕಾರು ಸೊಗಸಾಗಿ ಓಡಿತು. ಮೇ ತಿಂಗಳಲ್ಲಿ ಊರಿನಿಂದ ಅಪ್ಪ, ಅವ್ವ ಮತ್ತು ಎರಡು ಮೂಟೆ ಅಕ್ಕಿ, ಉಪ್ಪಿನಕಾಯಿ ಭರಣಿಗಳೊಂದಿಗೆ ಮರಳುತ್ತಿದ್ದಾಗ ಕೊಲ್ಹಾಪುರ ದಾಟಿದ ಮೇಲೆ ಪೆಟ್ರೋಲು ಹಾಕಿಸಬೇಕಾಯಿತು. ಆ ಬಂಕಿನಲ್ಲಿ ಸಾದಾ ಮಾತ್ರ ಇತ್ತು. ಟ್ಯಾಂಕು ತುಂಬಿಸಿದೆ. ಪುಣೆ ಇನ್ನೇನು ಬಂತು ಎನ್ನುವಾಗ, ಖೇಡ ಶಿವಾಪುರದಿಂದ ಕಾತ್ರಜದ ಸುರಂಗದ ಕಡೆಗೆ ಏರುವಲ್ಲಿ, ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಕುಲುಕಿದಂಥ ಸದ್ದು ಇಂಜಿನ್ನಿನಿಂದ ಕೇಳಿಸಿತು. "ಏನಪಾ ಅದು?" ಎಂದು ಅಪ್ಪ ಕೇಳುವ ಹೊತ್ತಿಗೆ ನಾನು ಕಾಲು ತೆಗೆದಿದ್ದೆ. ಮರುದಿನ ಪ್ಲಗ್ಗುಗಳನ್ನು ಬಿಚ್ಚಿ ನೋಡಿದಾಗ ಎರಡರ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣ ಅಲ್ಯೂಮಿನಿಯಂ ಚುಕ್ಕೆಗಳು ಹೊಳೆಯುತ್ತಿದ್ದವು. ಅದು ಪಿಸ್ಟನ್ನಿನಿಂದ ಕಿತ್ತುಬಂದ ಲೋಹ.

ಕಂಪನಿಯಿಂದ ಬಂದ ಸ್ಥಿತಿಯಲ್ಲಿರುವ ಕಾರಿನಲ್ಲಿ ಹೀಗಾಗುವುದು ಅಪರೂಪ. ಇಂಜಿನ್ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಕಂಪನವನ್ನು ಗ್ರಹಿಸಿದೊಡನೆ ಇಸಿಯು ಕಿಡಿಯನ್ನು ತಡಮಾಡುತ್ತದೆ, ಅಗತ್ಯವಾದರೆ ಟರ್ಬೊದ ಒತ್ತಡವನ್ನೂ ಇಳಿಸುತ್ತದೆ. ಶಕ್ತಿ ಸ್ವಲ್ಪ ತಗ್ಗುತ್ತದೆ, ಇಂಜಿನ್ ಉಳಿಯುತ್ತದೆ. ಆದರೆ ನನ್ನ ಕಾರಿಗೆ ರೀಮ್ಯಾಪ್ ಮಾಡಿದವರು ಕಿಡಿಯ ಸಮಯವನ್ನು ಅಂಚಿನವರೆಗೆ ಒಯ್ದಿದ್ದಲ್ಲದೆ ಸೆನ್ಸರಿನ ಸೂಕ್ಷ್ಮತೆಯನ್ನೂ ತಗ್ಗಿಸಿದ್ದರು ಎಂಬುದು ಆಮೇಲೆ ಬೇರೊಬ್ಬರು ಕಡತವನ್ನು ತೆರೆದು ನೋಡಿದಾಗ ತಿಳಿಯಿತು. ನಾನು ಕೇಳಬೇಕಾದದ್ದನ್ನು ಕೇಳಿರಲಿಲ್ಲ.

ಆದ್ದರಿಂದ ರೀಮ್ಯಾಪ್ ಮಾಡಿಸುವವರು ಆ ಕೆಲಸ ಮಾಡುವ ಟ್ಯೂನರನ್ನು ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಹಾರ್ಸ್‌ಪವರ್ ಬರುತ್ತದೆ?" ಎಂಬುದಲ್ಲ. "ಈ ಮ್ಯಾಪಿಗೆ ಬೇಕಾದ ಕನಿಷ್ಠ ಆಕ್ಟೇನ್ ಎಷ್ಟು, ಅದು ಸಿಗದ ದಿನ ಏನಾಗುತ್ತದೆ, ನಾಕ್ ಸೆನ್ಸರಿನ ಮಿತಿಗಳನ್ನು ಮುಟ್ಟಿದ್ದೀರಾ?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಪುಣೆ, ಮುಂಬಯಿಗಳಲ್ಲಿ 100 ಸಿಗುತ್ತದೆ. ಸಾತಾರಾ ದಾಟಿ ಊರಿನ ದಾರಿ ಹಿಡಿದರೆ ಅದನ್ನು ನೆಚ್ಚಿಕೊಳ್ಳಲಾಗದು. ಆಂಬೋಲಿ ಅಥವಾ ಚೋರ್ಲಾ ಘಾಟಿಯ ಮೇಲೆ ಗೋವಾಕ್ಕೆ ಇಳಿಯುವವರಿಗೂ ಇದೇ ಮಾತು. ನಮ್ಮಂತೆ ಊರಿಗೆ ಹೋಗಿಬರುವವರು 95ರ ಮ್ಯಾಪನ್ನೇ ಆರಿಸಿಕೊಳ್ಳಬೇಕು. 100ರ ಮ್ಯಾಪು ನಗರ ಬಿಟ್ಟು ಹೋಗದ ಎರಡನೆಯ ಕಾರಿಗೆ, ಇಲ್ಲವೇ ಬೇಕೆಂದಾಗ ಬದಲಾಯಿಸಬಹುದಾದ ಎರಡು ಮ್ಯಾಪುಗಳ ವ್ಯವಸ್ಥೆಯಿರುವ ಕಾರಿಗೆ ತಕ್ಕದ್ದು. ಕೆಲವು ಹಾರ್ಸ್‌ಪವರ್ ಕಡಿಮೆಯಾಗುತ್ತದೆ, ನಿಜ. ಆ ಕೊರತೆ ಎಕ್ಸ್‌ಪ್ರೆಸ್‌ವೇಯ ವೇಗಮಿತಿಯೊಳಗೆ ನಿಮ್ಮ ಅನುಭವಕ್ಕೂ ಬರುವುದಿಲ್ಲ.

ನಾಕಿಂಗ್ ಅಲ್ಲದ ಇನ್ನೊಂದು ತೊಂದರೆಯನ್ನೂ ಇಲ್ಲಿ ಹೆಸರಿಸಬೇಕು. ಚಿಕ್ಕ ಟರ್ಬೊ ಇಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಮ್‌ನಲ್ಲಿ ಹೆಚ್ಚು ಭಾರ ಬಿದ್ದಾಗ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದುಂಟು. ಸಿಲಿಂಡರಿಗೆ ಸೇರುವ ಆಯಿಲ್ ಹನಿಗಳು ಇದಕ್ಕೆ ಒಂದು ಕಾರಣವಾದ್ದರಿಂದ ಆಕ್ಟೇನ್ ಹೆಚ್ಚಿಸಿ ಇದನ್ನು ತಡೆಯಲಾಗದು. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಇಂಜಿನ್ ಆಯಿಲನ್ನು ಇದನ್ನು ತಗ್ಗಿಸುವಂತೆಯೂ ಪರೀಕ್ಷಿಸಿರುತ್ತಾರೆ. ಕೈಪಿಡಿ ಒಪ್ಪುವುದಾದರೆ ಅದನ್ನು ಹಾಕಿಸಿ, ಏರಿನಲ್ಲಿ ಒಂದು ಗೇರು ಇಳಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ನಿಮ್ಮ ಕಾರಿಗೆ ಲಾಭವಿದೆಯೇ ಎಂದು ಅಳೆಯುವುದು

"100 ಹಾಕಿದ ಮೇಲೆ ಕಾರು ಹಗುರಾಗಿದೆ" ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಹಣ ಕೊಡುವ ಮೊದಲು ಅಳೆದು ನೋಡಬೇಕು ಎನ್ನುತ್ತೇನೆ. ಸ್ಟೇರಿಂಗಿನ ಕೆಳಗಿರುವ ಒಬಿಡಿ ಜೋಡಣೆಗೆ (ಇಸಿಯುವಿನ ಮಾಹಿತಿಯನ್ನು ಓದುವ ಕಿಂಡಿ) ಒಂದು ಸ್ಕ್ಯಾನರ್ ಹಾಕಿದರೆ ಮೊಬೈಲಿನಲ್ಲಿ ಕಿಡಿಯ ಸಮಯ ಮತ್ತು ಒಳಹೋಗುವ ಗಾಳಿಯ ಉಷ್ಣತೆ ಕಾಣುತ್ತವೆ. ಕೆಲವು ಕಾರುಗಳಲ್ಲಿ ಪ್ರತಿ ಸಿಲಿಂಡರಿನಲ್ಲಿ ಕಿಡಿಯನ್ನು ಎಷ್ಟು ಡಿಗ್ರಿ ತಡಮಾಡಲಾಗಿದೆ ಎಂಬುದೂ ಕಾಣುತ್ತದೆ. ಎರಡು ಟ್ಯಾಂಕು ಒಂದೇ ಪೆಟ್ರೋಲನ್ನು ಹಾಕಿಸಿ, ಬೆಳಗಿನ ಜಾವ ಖಾಲಿಯಿರುವ ಒಂದೇ ಏರುದಾರಿಯಲ್ಲಿ, ಒಂದೇ ಗೇರಿನಲ್ಲಿ, ಕಾನೂನಿನ ವೇಗದೊಳಗೆ ಏರಿ ಇವನ್ನು ಬರೆದಿಟ್ಟುಕೊಳ್ಳಬೇಕು. ಸಂಖ್ಯೆಗಳನ್ನು ಓದುವ ಕೆಲಸ ಪಕ್ಕದಲ್ಲಿ ಕುಳಿತವರದಾಗಿರಲಿ. ಆಮೇಲೆ ಇನ್ನೊಂದು ಪೆಟ್ರೋಲಿನ ಎರಡು ಟ್ಯಾಂಕು ಕಳೆದ ಮೇಲೆ ಅದನ್ನೇ ಪುನಃ ಮಾಡಬೇಕು. ಸಾದಾ ಪೆಟ್ರೋಲಿನಲ್ಲಿಯೇ ತಡ ಎರಡು ಮೂರು ಡಿಗ್ರಿಯೊಳಗೆ ಆಗಾಗ ಮಾತ್ರ ಕಂಡರೆ ನಾನು ಹೆಚ್ಚಿನ ಆಕ್ಟೇನಿಗೆ ಹಣ ಕೊಡುವುದಿಲ್ಲ. ಐದಾರು ಡಿಗ್ರಿಯ ತಡ ಎಲ್ಲ ಸಿಲಿಂಡರುಗಳಲ್ಲೂ ನಿರಂತರವಾಗಿ ಕಾಣಿಸಿಕೊಂಡರೆ ಮೇಲಿನ ದರ್ಜೆಗೆ ಹೋಗುತ್ತೇನೆ. ಒಂದೇ ಸಿಲಿಂಡರಿನಲ್ಲಿ ಮಾತ್ರ ಕಂಡರೆ ಪೆಟ್ರೋಲನ್ನು ದೂರದೆ ಆ ಸಿಲಿಂಡರಿನ ಪ್ಲಗ್ಗನ್ನೂ ಇಂಜೆಕ್ಟರನ್ನೂ ನೋಡಿಸುತ್ತೇನೆ.

ಹಣದ ಲೆಕ್ಕ ಸರಳ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ, ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ಕಾರಿಗೆ ನೂರು ಲೀಟರ್ ಬೇಕು. 95ಕ್ಕೆ ಹೋದರೆ ಹೆಚ್ಚುವರಿ ಖರ್ಚು ಏಳೆಂಟು ನೂರು ರೂಪಾಯಿ. 100ಕ್ಕೆ ಹೋದರೆ, ಲೀಟರಿಗೆ ಐವತ್ತು ರೂಪಾಯಿಯ ವ್ಯತ್ಯಾಸವೆಂದು ಹಿಡಿದರೂ, ತಿಂಗಳಿಗೆ ಐದು ಸಾವಿರ, ವರ್ಷಕ್ಕೆ ಅರವತ್ತು ಸಾವಿರ. ಆ ಹಣದಲ್ಲಿ ಒಂದು ಜೊತೆ ಒಳ್ಳೆಯ ಟೈರು, ಹೊಸ ಪ್ಲಗ್ಗುಗಳು, ಅವಧಿಗೆ ಮುನ್ನವೇ ಆಯಿಲ್ ಬದಲಾವಣೆ ಎಲ್ಲವೂ ಆಗುತ್ತದೆ, ಮತ್ತು ಅವುಗಳಿಂದ ಕಾರಿನ ಓಟದಲ್ಲಿ ಆಗುವ ಸುಧಾರಣೆ ಕೈಗೆ ಸಿಗುವಂಥದ್ದು.

ಖರ್ಚು ಉಳಿಸಲು ಎರಡನ್ನು ಬೆರೆಸುವವರಿದ್ದಾರೆ. ಅದರಲ್ಲಿ ತಪ್ಪಿಲ್ಲ. ಇಪ್ಪತ್ತು ಲೀಟರ್ 95ಕ್ಕೆ ಇಪ್ಪತ್ತು ಲೀಟರ್ 100 ಸೇರಿಸಿದರೆ ಸುಮಾರು 97 ಅಥವಾ 98 ಎಂದು ಹಿಡಿಯಬಹುದು. 98 ಕೇಳುವ ಕಾರಿನವರು ಅಂಚಿನಲ್ಲಿ ನಿಲ್ಲದೆ 100ರ ಪಾಲನ್ನು ಇನ್ನೂ ಸ್ವಲ್ಪ ಹೆಚ್ಚಿಸಿಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ಬಾಟಲಿಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. "ಮೂವತ್ತು ಪಾಯಿಂಟ್ ಏರಿಕೆ" ಎಂದು ಬಾಟಲಿಯ ಮೇಲಿದ್ದರೆ ಅದರ ಅರ್ಥ ಮೂರು ಆಕ್ಟೇನ್; ಹತ್ತು ಪಾಯಿಂಟಿಗೆ ಒಂದು ಆಕ್ಟೇನ್ ಎಂಬುದು ಆ ವ್ಯಾಪಾರದ ಲೆಕ್ಕ. ಅವುಗಳಲ್ಲಿ ಕೆಲವಕ್ಕೆ ಮ್ಯಾಂಗನೀಸಿನ ಅಥವಾ ಕಬ್ಬಿಣದ ಸಂಯುಕ್ತಗಳನ್ನು ಬಳಸುತ್ತಾರೆ. ಅವು ಪ್ಲಗ್ಗಿನ ಮೇಲೆ ಕೆಂಪು ಬಣ್ಣದ ಪದರವಾಗಿ ಕುಳಿತು, ಆಕ್ಸಿಜನ್ ಸೆನ್ಸರನ್ನೂ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತವೆ.

ಕೊನೆಯದಾಗಿ ಮಳೆಗಾಲದ ಒಂದು ವಿಷಯ. ಗೋವಾದಲ್ಲಿ ಮನೆಯಿರುವ ಕೆಲವರು ತಮ್ಮ ಪ್ರೀತಿಯ ಕಾರನ್ನು ಜೂನಿನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ಮುಚ್ಚಿಡುತ್ತಾರೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ತಳಕ್ಕಿಳಿದು, ಮೇಲೆ ಉಳಿಯುವ ಪೆಟ್ರೋಲಿನ ಆಕ್ಟೇನ್ ಮೊದಲಿಗಿಂತ ಕುಸಿದಿರುತ್ತದೆ. ಹೀಗೆ ನಿಲ್ಲಿಸುವವರು, ಮಳೆಗಾಲಕ್ಕೆ ಮುಂಚಿನ ಕೊನೆಯ ಟ್ಯಾಂಕಿಗೆ ಎಥೆನಾಲ್ ಇಲ್ಲವೆಂದು ತಾವೇ ಪರೀಕ್ಷಿಸಿದ 100ರ ಪೆಟ್ರೋಲನ್ನು, ಗಾಳಿಗೆ ಹೆಚ್ಚು ಜಾಗ ಉಳಿಯದಂತೆ, ಪೈಪು ತಾನಾಗಿ ನಿಲ್ಲುವವರೆಗೆ ತುಂಬಿಸಿಡಬೇಕು. ವರ್ಷಕ್ಕೆ ಒಂದೇ ಬಾರಿಯ ಖರ್ಚು ಅದು, ಮತ್ತು ಅಕ್ಟೋಬರಿನಲ್ಲಿ ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಅದರ ಉಪಯೋಗ ತಿಳಿಯುತ್ತದೆ.